ದಾದಿಯರ ಹೆಸರುಗಳು

ರಜೆಯ ದಿನ ನೋಯ್ಡಾದಿಂದ ಯಮುನೆಯನ್ನು ದಾಟಿ ಇಂಡಿಯಾ ಗೇಟಿಗೆ ಹೋಗಿಬರುವುದು ನಮ್ಮ ಹೋಟೆಲ್ ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ರೂಢಿಯಾದ ವಿಹಾರ. 1931ರಲ್ಲಿ ಉದ್ಘಾಟನೆಗೊಂಡ ಆ ಕಮಾನಿನ ಮೇಲೆ 13,000ಕ್ಕೂ ಮಿಕ್ಕ ಯೋಧರ ಹೆಸರುಗಳಿವೆ. ಅವುಗಳ ನಡುವೆ ಒಬ್ಬ ದಾದಿಯ ಹೆಸರೂ ಉಂಟೆಂಬುದನ್ನು ಎಷ್ಟು ಮಂದಿ ಬಲ್ಲರು? ಕೆಳಗೆ ನಿಂತು ಹುಡುಕಹೊರಟವರಿಗೆ ಕತ್ತು ನೋವೇ ಲಾಭ.

ಯುದ್ಧದಲ್ಲಿ ಮಡಿದ ಸ್ತ್ರೀಯರಿಗೆಂದೇ ಮೀಸಲಾದ ಸ್ಮಾರಕವೊಂದು ಇಂಗ್ಲೆಂಡಿನ ಯಾರ್ಕ್ ನಗರದ ಪ್ರಧಾನ ಚರ್ಚಿನಲ್ಲಿದೆ. ‘ಐವರು ಸೋದರಿಯರು’ ಎಂದು ಹೆಸರಾದ ಆ ಗಾಜಿನ ಕಿಟಕಿ ಹದಿಮೂರನೆಯ ಶತಮಾನದ್ದು. 50 ಅಡಿಗೂ ಮೀರಿದ ಎತ್ತರದ ಐದು ಸಪೂರ ಕಿಂಡಿಗಳು. ಕಣ್ಣು ಕುಕ್ಕುವ ಬಣ್ಣಗಳಿಲ್ಲ, ಬೂದುಹಸಿರು ಛಾಯೆಯ ಗಾಜಿನ ಚೂರುಗಳೇ ಲಕ್ಷಕ್ಕೂ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಜೆಪ್ಪೆಲಿನ್ ಆಕಾಶನೌಕೆಗಳಿಗೆ ಅಂಜಿ ಅದನ್ನು ಬಿಚ್ಚಿಡಲಾಗಿತ್ತು. ಮರಳಿ ಜೋಡಿಸಲು ಹಣ ಬೇಕಾದಾಗ, ಇದನ್ನೇ ಮಡಿದ ಸ್ತ್ರೀಯರ ಸ್ಮಾರಕವಾಗಿ ನಿಲ್ಲಿಸೋಣವೆಂದು ಇಬ್ಬರು ಮಹಿಳೆಯರು ಮುಂದಾದರು. 30,000ಕ್ಕೂ ಹೆಚ್ಚು ಹೆಂಗಸರು ವಂತಿಗೆ ಕೊಟ್ಟರು. 1925ರ ಜೂನ್ 24ರಂದು ಅದರ ಅನಾವರಣವಾಯಿತು. ಸನಿಹದಲ್ಲೇ ಓಕ್ ಮರದ ಹಲಗೆಗಳ ಮೇಲೆ 1,400ಕ್ಕೂ ಹೆಚ್ಚು ಹೆಸರುಗಳಿವೆ.

ಕಿಟಕಿಗಿಂತಲೂ ಈ ಪಟ್ಟಿಯೇ ನಮ್ಮ ಮನಸ್ಸನ್ನು ಸೆಳೆಯುತ್ತದೆ. ಅಲ್ಲಿ ದಾದಿಯರ ಜೊತೆಗೆ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರ್ತಿಯರಿದ್ದಾರೆ. ಸೈನ್ಯಕ್ಕೆ ಅಡಿಗೆ ಮಾಡಿ ಬಡಿಸುತ್ತಿದ್ದ, ಕಚೇರಿಯಲ್ಲಿ ಕಾಗದಪತ್ರ ಬರೆಯುತ್ತಿದ್ದ ಮಹಿಳಾ ದಳದವರಿದ್ದಾರೆ. ಲೋಟ ತೊಳೆಯುವ ಕೈಗೂ ಲೆಡ್ಜರು ಬರೆಯುವ ಕೈಗೂ ಬೆಲೆಯುಂಟೆಂದು ಒಂದು ಊರು ಒಪ್ಪಿಕೊಂಡದ್ದರ ಅರ್ಥವನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ.

ನಮ್ಮ ದೇಶದಲ್ಲಿಯೂ ಸೈನ್ಯದ ದಾದಿಯರ ಚರಿತ್ರೆ ಹೊಸತೇನಲ್ಲ. 1888ರಲ್ಲಿ ಹತ್ತು ಮಂದಿ ಮುಂಬಯಿಯಲ್ಲಿ ಬಂದಿಳಿದಂದಿನಿಂದ ಅದು ನಡೆದುಬಂದಿದೆ. 1943ರ ಸುಗ್ರೀವಾಜ್ಞೆಯಿಂದ ಅವರಿಗೆ ಅಧಿಕಾರಿಗಳ ದರ್ಜೆಯೂ ಲಭಿಸಿತು. ಕನ್ನಡನಾಡಿನಿಂದ ಈ ಸೇವೆಗೆ ಹೋದವರು ಯಾರು, ಯಾವ ಆಸ್ಪತ್ರೆಯಲ್ಲಿ, ಯಾವ ಗಡಿಯಲ್ಲಿ ದುಡಿದರು? ಅವರವರ ಮನೆಯವರಿಗೆ ಗೊತ್ತು. ಮನೆಯ ಹಿರಿಯರು ತೀರಿಕೊಂಡರೆ ಅದೂ ಇಲ್ಲ.

ಬಣ್ಣದ ಗಾಜು ದುಬಾರಿ. ಕಾಗದ ಅಷ್ಟು ದುಬಾರಿಯಲ್ಲ. ತಮ್ಮ ತಾಯಿ, ಅಕ್ಕ, ಚಿಕ್ಕಮ್ಮ ಯಾರಾದರೂ ಸೈನ್ಯದ ದಾದಿಯಾಗಿದ್ದಲ್ಲಿ ಅವರ ಹೆಸರು, ಊರು, ಸೇವೆಯ ವರ್ಷಗಳು, ಇಷ್ಟನ್ನು ವಾಚಕರು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಬದುಕಿರುವವರಾದರೆ ಅವರ ಒಪ್ಪಿಗೆ ಅವಶ್ಯ. ಬಂದ ಹೆಸರುಗಳನ್ನು ಪ್ರತಿ ಭಾನುವಾರ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ.