ಬಿಲ್ಲಿಗೆ ತಕ್ಕ ಬಾಣ

ನಮ್ಮ ಅಸೂಟಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿದು, ಒಣಗಿದ ಕಣಿಕೆ ಬಣವೆಗೆ ಏರುತ್ತಿದ್ದ ದಿನಗಳಲ್ಲಿ, ಊರಿನ ಹುಡುಗರೆಲ್ಲರೂ ಕೆಲವು ವಾರಗಳ ಮಟ್ಟಿಗೆ ಬಿಲ್ಲುಗಾರರಾಗಿಬಿಡುತ್ತಿದ್ದ ಕಾಲವೊಂದಿತ್ತು. ಬಿದಿರಿನ ಸೀಳೇ ಬಿಲ್ಲು, ಪುಂಡಿಯ ನಾರೇ ಹೆದೆ, ಜೋಳದ ದಂಟಿನ ತುದಿಭಾಗವೇ ಬಾಣ, ಜಾಲಿಯ ಮುಳ್ಳೇ ಅಲಗು. ಆ ಬಾಣವು ಹತ್ತು ಮಾರು ಹೋಗುವಷ್ಟರಲ್ಲಿ ಗಾಳಿಗೆ ಸಿಕ್ಕ ತರಗೆಲೆಯಂತೆ ಅಡ್ಡಾಗಿ ಬೀಳುತ್ತಿತ್ತು. ಹೀಗಿರುವಲ್ಲಿ ನಮ್ಮೊಳಗೊಬ್ಬನು ಮುಳ್ಳಿನ ಬುಡಕ್ಕೆ ಕಡಲೆಕಾಳಿನಷ್ಟು ಹಸಿ ಎರೆಮಣ್ಣನ್ನು ಮೆತ್ತಿ ಬಿಟ್ಟನು. ಬಾಣ ನೆಟ್ಟಗೆ ಹೋಗಿ ಬಣವೆಗೆ ನಾಟಿತು. ಅದನ್ನು ಕಂಡು ಹುರುಪುಗೊಂಡ ಇನ್ನೊಬ್ಬನು ಗಜ್ಜುಗದ ಗಾತ್ರದ ಮಣ್ಣನ್ನು ಮೆತ್ತಿದಾಗ, ದಂಟು ನಡುವಿನಲ್ಲಿ ಹಾವಿನಂತೆ ಬಳುಕಿ, ಬಿಟ್ಟವನ ಮಗ್ಗುಲಲ್ಲಿಯೇ ಬಿದ್ದುಹೋಯಿತು. ಬಾಣದ ಬಿರುಸು, ಮೊನೆಯ ಭಾರ, ಬಿಲ್ಲಿನ ಬಲ ಈ ಮೂರೂ ಒಂದಕ್ಕೊಂದು ಹೊಂದದೆ ಗುರಿಯೆಂಬುದಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ಬಿಲ್ಲಿಗೆ ಸಲ್ಲುವ ಗೌರವವು ನಮ್ಮಲ್ಲಿ ಬಾಣಕ್ಕೆ ಸಂದದ್ದಿಲ್ಲ. ಪಿನಾಕ, ಶಾರ್ಙ್ಗ, ಗಾಂಡೀವ ಎಂದು ಬಿಲ್ಲುಗಳಿಗೆ ನಾಮಕರಣ ಮಾಡಿದ ನಾವು, ಬಾಣಕ್ಕೆ ಮಂತ್ರ ಸೇರಿ ಅದು ಅಸ್ತ್ರವಾದಾಗಲಷ್ಟೆ ಹೆಸರು ಕೊಟ್ಟೆವು. ಇಂದಿಗೂ ಶಾಲೆಗೋ ತರುಣರ ಸಂಘಕ್ಕೋ ಬಿದಿರಿನ ಬಿಲ್ಲುಗಳನ್ನು ಕೊಳ್ಳುವವರು ಬಿಲ್ಲನ್ನು ಎಳೆದು, ಬಾಗಿಸಿ, ತಿರುಗಿಸಿ ನೋಡಿ ಆರಿಸುತ್ತಾರೆ. ಬಾಣಗಳನ್ನಾದರೋ ಡಜನ್ನಿನ ಲೆಕ್ಕದಲ್ಲಿ ಕಟ್ಟು ಕಟ್ಟಾಗಿ ತರುತ್ತಾರೆ. ಹಿರಿಯ ಎತ್ತಿಗೆ ಹೋರಿಗರುವನ್ನು ಜೊತೆಮಾಡಿ ನೊಗ ಹೂಡುವ ಒಕ್ಕಲಿಗನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ. ಆದರೆ ಬಿಲ್ಲಿನ ವಿಷಯದಲ್ಲಿ ಅಂತಹುದೇ ಅಜೋಡು ಹೂಟೆಯನ್ನು ಮಕ್ಕಳ ಕೈಗೆ ಕೊಟ್ಟು, ಸಾಲು ಸೊಟ್ಟಗಾಯಿತೆಂದು ಅವರನ್ನೇ ಗದರುತ್ತೇವೆ.

ಹೆದೆಯು ಮುಂದಕ್ಕೆ ಧಾವಿಸುವುದು ಬಿಲ್ಲಿನ ನಡುಗೆರೆಯ ನೇರದಲ್ಲಿ. ಬಾಣವಿರುವುದು ಹಿಡಿಕೆಯ ಒಂದು ಮಗ್ಗುಲಿಗೆ ಒರಗಿ. ಆದುದರಿಂದ ಹೆದೆಯು ಬಾಣದ ಹಿಳುಕನ್ನು ನಡುಗೆರೆಗೆ ದೂಡಿಕೊಂಡು ಬಂದಂತೆಲ್ಲ ಬಾಣದ ಮುಖವು ಪಕ್ಕಕ್ಕೆ ತಿರುಗುತ್ತ ಹೋಗಬೇಕು, ಗುರಿ ತಪ್ಪಬೇಕು. ಆದರೂ ಹೊಂದಿದ ಬಾಣವು ಗುರಿಯನ್ನೇ ಸೇರುತ್ತದೆ. ಈ ವಿಚಿತ್ರವನ್ನು ‘ಬಿಲ್ಲುಗಾರನ ವಿರೋಧಾಭಾಸ’ವೆಂದು ಕರೆಯುತ್ತಾರೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿಯು ಅತಿವೇಗದ ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಅದರ ಗುಟ್ಟು ಕಣ್ಣಿಗೇ ಕಂಡಿತು: ಬಾಣವು ನೆಟ್ಟಗೆ ಹೊರಡುವುದೇ ಇಲ್ಲ, ಹೆದೆಯ ನೂಕಿಗೆ ಒಮ್ಮೆ ಒಂದು ಕಡೆಗೆ, ಮರುಕ್ಷಣ ಇನ್ನೊಂದು ಕಡೆಗೆ ಬಳುಕಿ, ನೀರಿನಲ್ಲಿ ಮೀನು ಕಲ್ಲನ್ನು ಬಳಸಿ ಸಾಗುವಂತೆ ಹಿಡಿಕೆಯನ್ನು ಬಳಸಿಕೊಂಡು, ಅದನ್ನು ತಾಗದೆಯೇ ದಾಟಿ, ಕೆಲವು ಮಾರುಗಳಾಚೆ ಸ್ತಿಮಿತಗೊಳ್ಳುತ್ತದೆ. ಬಿರುಸು ಹೆಚ್ಚಾದ ಬಾಣವು ಬಳುಕಲಾರದೆ ಹಿಡಿಕೆಗೆ ಉಜ್ಜಿಕೊಂಡು, ಬಲಗೈಯಲ್ಲಿ ಹೆದೆ ಸೆಳೆದು ಬಾಣವನ್ನು ಬಿಲ್ಲಿನ ಎಡಕ್ಕಿಡುವವನಿಗೆ ಎಡಕ್ಕೆ ಹೋಗುತ್ತದೆ. ಮೆತುವಾದದ್ದು ಅತಿಯಾಗಿ ಬಳುಕಿ ಬಲಕ್ಕೆ ಸರಿಯುತ್ತದೆ. ಈಗಿನ ಲೋಹದ ಬಿಲ್ಲುಗಳ ಹಿಡಿಕೆಯನ್ನು ನಡುಗೆರೆಯವರೆಗೂ ಕೊರೆದು ಬಾಣಕ್ಕೆ ನೇರ ದಾರಿ ಮಾಡಿರುವುದರಿಂದ ಅಲ್ಲಿ ಸಣ್ಣ ತಪ್ಪು ಮುಚ್ಚಿಹೋಗಬಹುದು. ದಪ್ಪ ಹಿಡಿಕೆಯ ಬಿದಿರಿನ ಬಿಲ್ಲಿನಲ್ಲಿ ಆ ಕ್ಷಮೆಯಿಲ್ಲ.

ಬಿಲ್ಲುಗಾರರು ‘ಸ್ಪೈನ್’ ಎನ್ನುವ ಈ ಬಿರುಸನ್ನು ಅಳೆಯುವ ಹಳೆಯ ಕ್ರಮವು ಬಡಿಗರ ಅಂಗಳದಲ್ಲಿಯೂ ಸಾಧ್ಯವಾಗುವಷ್ಟು ಸರಳ. 26 ಇಂಚು ಅಂತರದ ಎರಡು ಗೂಟಗಳ ಮೇಲೆ ಬಾಣವನ್ನಿಟ್ಟು, ನಡುಮಧ್ಯದಲ್ಲಿ 2 ಪೌಂಡು, ಎಂದರೆ ಸುಮಾರು 907 ಗ್ರಾಂ ತೂಕವನ್ನು ತೂಗುಬಿಟ್ಟು, ಅದು ಎಷ್ಟು ಇಂಚು ಬಾಗಿತೆಂದು ನೋಡುವುದು. 26ನ್ನು ಆ ಬಾಗಿನಿಂದ ಭಾಗಿಸಿದರೆ ಬಾಣವು ಎಷ್ಟು ಪೌಂಡು ಸೆಳೆತದ ಬಿಲ್ಲಿಗೆ ತಕ್ಕದ್ದೆಂಬುದು ಸ್ಥೂಲವಾಗಿ ಸಿಗುತ್ತದೆ. 0.65 ಇಂಚು ಬಾಗಿದರೆ 40 ಪೌಂಡಿನ ಬಿಲ್ಲಿಗೆ, 1.04 ಇಂಚು ಬಾಗಿದರೆ 25 ಪೌಂಡಿನ ಬಿಲ್ಲಿಗೆ. ಈ ಲೆಕ್ಕ 28 ಇಂಚಿನ ಬಾಣದ್ದು. ಬಾಣವು ಒಂದು ಇಂಚು ಉದ್ದವಾದರೆ ಸುಮಾರು 5 ಪೌಂಡಿನಷ್ಟು ಮೆತುವಾದಂತೆ, ಗಿಡ್ಡವಾದರೆ ಅಷ್ಟೇ ಬಿರುಸಾದಂತೆ ವರ್ತಿಸುತ್ತದೆ. ದಪ್ಪದ ಪ್ರಭಾವ ಇನ್ನೂ ಆಶ್ಚರ್ಯಕರ: ಬಿರುಸು ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ, 8 ಮಿಲಿಮೀಟರಿನ ಕಡ್ಡಿಗಿಂತ ಅದೇ ಮರದ 9 ಮಿಲಿಮೀಟರಿನ ಕಡ್ಡಿಯು ಶೇಕಡಾ 60ರಷ್ಟು ಹೆಚ್ಚು ಬಿರುಸಾಗಿರುತ್ತದೆ. ಕಣ್ಣು ಹಿಡಿಯಲಾರದ ವ್ಯತ್ಯಾಸವನ್ನು ಹೆದೆ ಹಿಡಿಯುತ್ತದೆ.

ಮೊನೆಯ ಭಾರದ ಮಾತು ಇಲ್ಲಿಗೇ ಸೇರಿದ್ದು. ಮೊನೆಗಳನ್ನು ತೂಗುವುದು ಗ್ರೇನಿನಲ್ಲಿ. ನೂರು ಗ್ರೇನಿಗೆ ಆರೂವರೆ ಗ್ರಾಂ. ಹೆದೆಯು ಹಿಂದಿನಿಂದ ನೂಕುವಾಗ ಮುಂದಿನ ಭಾರವು ಜಡವಾಗಿ ನಿಲ್ಲುವುದರಿಂದ ನಡುವಿನ ಕಡ್ಡಿ ಬಾಗಲೇಬೇಕು. 100 ಗ್ರೇನಿನ ಮೊನೆಯನ್ನು ತೆಗೆದು 125ರದನ್ನು ಹಾಕಿದರೆ, ಕಡ್ಡಿ ಅದೇ ಆದರೂ ಹಾರಾಟದಲ್ಲಿ ಮೆತುವಾಗುತ್ತದೆ. ಬಾಣ ಎಡಕ್ಕೆ ಹೋಗುತ್ತಿದ್ದರೆ ಮೊನೆಯ ತೂಕ ಹೆಚ್ಚಿಸಿ ನೋಡಬೇಕು, ಬಲಕ್ಕಾದರೆ ಇಳಿಸಬೇಕು. ಕಡ್ಡಿಯನ್ನು ಕತ್ತರಿಸಿ ಬಿರುಸುಗೊಳಿಸುವುದೂ ಉಂಟು. ಆದರೆ ಮಗುವಿನ ಸೆಳೆತದ ಉದ್ದಕ್ಕಿಂತ ಗಿಡ್ಡವಾದ ಬಾಣವು ಬಿಲ್ಲಿನ ಒಳಕ್ಕೆ ಜಾರಿ ಕೈಯನ್ನೇ ಸೀಳಬಹುದೆಂಬ ಎಚ್ಚರವನ್ನು ಹೇಳಿಕೊಡದೆ ಗರಗಸವನ್ನು ಯಾರ ಕೈಗೂ ಕೊಡಬಾರದು.

ಇದು ಪರದೇಶದ ವಿದ್ಯೆಯೆಂದು ಯಾರೂ ಭಾವಿಸಬೇಕಾಗಿಲ್ಲ. ವಸಿಷ್ಠನ ಹೆಸರಿನಲ್ಲಿ ನಡೆದುಬಂದಿರುವ ಧನುರ್ವೇದಸಂಹಿತೆಯು ಬಾಣಗಳನ್ನು ಮೂರಾಗಿ ವಿಂಗಡಿಸುತ್ತದೆ: ಮುಂಭಾಗ ದಪ್ಪವಾದದ್ದು ಸ್ತ್ರೀ, ಹಿಂಭಾಗ ದಪ್ಪವಾದದ್ದು ಪುರುಷ, ಸಮವಾದದ್ದು ನಪುಂಸಕ, ಮೊದಲನೆಯದು ದೂರಕ್ಕೆ, ಎರಡನೆಯದು ಗಟ್ಟಿ ವಸ್ತುವಿನ ಭೇದನಕ್ಕೆ, ಮೂರನೆಯದು ಗುರಿಯ ಅಭ್ಯಾಸಕ್ಕೆ. ಹೆಸರುಗಳನ್ನು ಬದಿಗಿಟ್ಟು ನೋಡಿದರೆ, ಭಾರ ಬಾಣದ ಎಲ್ಲಿ ಕೂತಿದೆಯೆಂಬುದರ ಮೇಲೆ ಅದರ ನಡತೆ ನಿಂತಿದೆಯೆಂಬ ಅರಿವೇ ಅಲ್ಲಿರುವುದು. ಬಿಲ್ಲು ಬಿಲ್ಲುಗಾರನ ತೋಳ್ಬಲಕ್ಕಿಂತ ತುಸು ಕಡಿಮೆಯದೇ ಇರತಕ್ಕದ್ದೆಂದೂ, ಬಿಲ್ಲಿನಿಂದ ಪೀಡಿತನಾದವನಿಗೆ ಗುರಿ ಕಾಣದೆಂದೂ ಅದೇ ಪರಂಪರೆ ಹೇಳುತ್ತದೆ. ಇಲ್ಲಿಂದ ಬಹುದೂರವಲ್ಲದ ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನೂ ಕಿರಾತಾರ್ಜುನರ ಕಾಳಗವನ್ನೂ ಶಿಲ್ಪಿಗಳು ಕಡೆದಿದ್ದಾರೆ; ನಮ್ಮ ರೋಣವಾದರೋ ದ್ರೋಣಪುರವೇ ಎಂಬುದು ಈ ಸೀಮೆಯ ಜನರ ನಂಬಿಕೆ. ಬಿಲ್ವಿದ್ಯೆಯ ಗುರುವಿನ ಹೆಸರನ್ನು ಊರಿನ ಹೆಸರಿನಲ್ಲಿ ಹೊತ್ತವರು ನಾವು.

ಇಂತಹ ಸೀಮೆಯ ಒಂದು ಶಾಲೆಯಲ್ಲಿ ನಾನು ಕಂಡದ್ದು ಇಂದಿಗೂ ಮನಸ್ಸನ್ನು ಕೊರೆಯುತ್ತದೆ. ಹದಿಮೂರು ವರ್ಷದ ಹುಡುಗನೊಬ್ಬನ ಬಾಣಗಳೆಲ್ಲವೂ ಗುರಿಯಿಂದ ಮೊಳದುದ್ದ ಎಡಕ್ಕೆ ಬೀಳುತ್ತಿದ್ದವು. ಮೊಣಕೈ ಸರಿಯಿಲ್ಲ, ಮನಸ್ಸು ನಿಲ್ಲುವುದಿಲ್ಲ ಎಂದು ಅವನಿಗೆ ದಿನವೂ ಹೇಳಲಾಗುತ್ತಿತ್ತು. ಕೆಲವು ವಾರಗಳಲ್ಲಿ ಅವನು ಬರುವುದನ್ನೇ ಬಿಟ್ಟನು. ಆಮೇಲೆ ಆ ಬಾಣಗಳನ್ನು ಕೇಳಿ ತಂದು ಅಳೆದಾಗ, ಅವು ಅರ್ಧ ಇಂಚನ್ನು ತುಸುವೇ ಮೀರಿ ಬಾಗಿದವು. 45 ಪೌಂಡಿನ ಬಿಲ್ಲಿಗೆ ಸಲ್ಲುವ ಬಾಣಗಳನ್ನು ಅವನು 25 ಪೌಂಡಿನ ಬಿಲ್ಲಿನಿಂದ ಬಿಡುತ್ತಿದ್ದನು. ಮೊಣಕೈಯಲ್ಲಿ ದೋಷವಿರಲಿಲ್ಲ. ಅಷ್ಟು ದಿನ ಒಂದೇ ಸ್ಥಳಕ್ಕೆ ಬಿದ್ದ ಬಾಣಗಳು ಅವನ ಕೈಯ ಸ್ಥಿರತೆಗೆ ಸಾಕ್ಷಿಯಾಗಿದ್ದವು. ಆ ಸಾಕ್ಷ್ಯವನ್ನು ಓದಬಲ್ಲವರು ಅಲ್ಲಿರಲಿಲ್ಲ.

ಗೆಲ್ಲುವವರೆಲ್ಲ ಕಾರ್ಬನ್ ಬಾಣಗಳನ್ನು ಹಿಡಿದಿರುವಾಗ ಬಿದಿರಿನ ಕಡ್ಡಿಗೆ ಇಷ್ಟು ಉಪಚಾರವೇಕೆಂದು ಕೇಳುವವರುಂಟು. ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಎಂಬ ಸ್ಪರ್ಧೆಯೇ ಬಿದಿರಿನ ಬಿಲ್ಲಿನದು; ಹಳ್ಳಿಯ ಮಕ್ಕಳಿಗೆ ಈ ವಿದ್ಯೆಯ ಹೊಸ್ತಿಲು ಅದೇ. ಹೊಸ್ತಿಲಲ್ಲಿಯೇ ಎಡವಿದವನು ಕಾರ್ಬನ್ನಿನವರೆಗೆ ಹೋಗುವುದೆಂತು?

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳಲ್ಲಿ ಮಕ್ಕಳಿಗೆ ಬಿಲ್ಲು ಕೊಡಿಸುವ ಶಾಲೆಗಳೂ ಪಂಚಾಯತಿಗಳೂ ದಾನಿಗಳೂ ಒಂದು ಡಜನ್ ಬಾಣ ಬೇಕಾದಲ್ಲಿ ಎರಡು ಡಜನ್ ಕಡ್ಡಿ ತರಿಸಿ, ಅಳೆದು, ಸಮವಾಗಿ ಬಾಗುವವನ್ನು ಒಂದು ಗುಂಪಾಗಿ ಆರಿಸಿ, ಹಿಳುಕಿನ ಬಳಿ ಗುಂಪಿಗೊಂದು ಬಣ್ಣದ ಉಂಗುರ ಬಳಿಸಲಿ. ಎರಡು ಮೂರು ತೂಕದ ಮೊನೆಗಳನ್ನು ಜೊತೆಗಿರಿಸಲಿ. ವ್ಯಾಯಾಮದ ಮೇಷ್ಟ್ರಿಗೂ ಊರ ಬಡಿಗರಿಗೂ ಇದು ಒಂದು ದಿನದ ಕಲಿಕೆ. ಮುಂದಿನ ಬಾರಿ ಸಾಮಾನಿನ ಪಟ್ಟಿ ಬರೆಯುವಾಗ ಬಾಣದ ಮುಂದೆ ಡಜನ್ನಿನ ಲೆಕ್ಕವೊಂದೇ ಇರದೆ, ಬಾಗಿನ ಅಳತೆಯೂ ಮೊನೆಯ ತೂಕವೂ ಇರಲಿ. ಗೂಟ ಬಡಿದ ಅಳತೆಯ ಹಲಗೆಯೊಂದು ಅಸೂಟಿಯ ನಮ್ಮ ಪಡಸಾಲೆಯಲ್ಲಿದೆ. ಬೇಕಾದವರು ಬಂದು, ನೋಡಿ, ಅಂತಹುದೇ ಒಂದನ್ನು ಮಾಡಿಸಿಕೊಳ್ಳಬಹುದು.