ದೀಪದ ಎಣ್ಣೆ, ದಾಸೋಹದ ಒಲೆ: ಬಳಕೆಯ ಮಿತಿಯನ್ನು ಕುರಿತು

ಸಾಹಿತ್ಯ ಮತ್ತು ಪರಿಸರವನ್ನು ಕುರಿತ ನಮ್ಮ ವಿಚಾರಸಂಕಿರಣಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಕನ್ನಡ ಪರಂಪರೆಯಲ್ಲಿ ಪರಿಸರ ಪ್ರಜ್ಞೆ ಮೊದಲಿನಿಂದಲೂ ಇತ್ತು. ಜನಪದ ಗೀತೆಗಳ ಮರಗಿಡಗಳನ್ನೂ ವಚನಗಳ ಜೀವದಯೆಯನ್ನೂ ಇದಕ್ಕೆ ನಿದರ್ಶನವಾಗಿ ನೀಡಲಾಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಪ್ರಕೃತಿಯನ್ನು ಕೊಂಡಾಡುವುದು ಬೇರೆ, ಎಷ್ಟು ಬಳಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸುವುದು ಬೇರೆ. ಇಂಧನದ ಪ್ರಶ್ನೆ ಎರಡನೆಯ ಬಗೆಗೆ ಸೇರಿದ್ದು. ಈ ಭೇದವನ್ನು ಅರಿಯಲು ಯೆಹೂದಿ ಧರ್ಮದ ವ್ಯಾಖ್ಯಾನ ಪರಂಪರೆಯನ್ನು ತುಮಕೂರು ಸೀಮೆಯ ಅನುಭವದೊಡನೆ ಇಟ್ಟು ನೋಡುವುದು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಯೆಹೂದಿ ಧರ್ಮಗ್ರಂಥದ ಧರ್ಮೋಪದೇಶಕಾಂಡದಲ್ಲಿ (20:19) ಯುದ್ಧಕಾಲದ ಒಂದು ಕಟ್ಟಳೆಯಿದೆ. ಶತ್ರುವಿನ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಗಳನ್ನು ಕಡಿಯಬಾರದು ಎಂಬುದು ಅದರ ತಾತ್ಪರ್ಯ. ಧರ್ಮಪಂಡಿತರಾದ ರಬ್ಬಿಗಳು ಇದನ್ನು ಯುದ್ಧಕ್ಕಷ್ಟೇ ಸೀಮಿತಗೊಳಿಸದೆ 'ಬಲ್ ತಶ್ಖೀತ್', ಎಂದರೆ 'ಹಾಳುಮಾಡಬೇಡ' ಎಂಬ ವ್ಯಾಪಕ ನಿಯಮವಾಗಿ ಬೆಳೆಸಿದರು. 12ನೆಯ ಶತಮಾನದ ಮೈಮೊನಿಡಿಸ್ ಪಾತ್ರೆ ಒಡೆಯುವುದು, ಬಟ್ಟೆ ಹರಿಯುವುದು, ಚಿಲುಮೆಯನ್ನು ಮುಚ್ಚುವುದು, ಅನ್ನ ಕೆಡಿಸುವುದು ಇವನ್ನೂ ಇದರಡಿ ತಂದನು. ಅದಕ್ಕಿಂತ ಶತಮಾನಗಳ ಹಿಂದೆಯೇ ಬ್ಯಾಬಿಲೋನಿಯದ ತಾಲ್ಮುಡ್ ಇನ್ನೂ ಸೂಕ್ಷ್ಮವಾದ ನಿರ್ಣಯವೊಂದನ್ನು ನೀಡಿತ್ತು. ಎಣ್ಣೆದೀಪವನ್ನು ಮುಚ್ಚಿಟ್ಟು ಉರಿಸುವವನೂ ನಾಫ್ತಾ ದೀಪವನ್ನು ತೆರೆದಿಟ್ಟು ಉರಿಸುವವನೂ ಈ ನಿಯಮವನ್ನು ಮೀರಿದವರೇ. ಏಕೆಂದರೆ ಎಣ್ಣೆ ಬೇಗ ತೀರುತ್ತದೆ. ಮರವನ್ನು ಕುರಿತ ಮಾತು ಮನೆಯ ದೀಪದವರೆಗೆ ಬಂದುದು ಗಮನಾರ್ಹ. ದೀಪ ಹಚ್ಚಬಾರದೆಂದು ಇಲ್ಲಿ ಹೇಳಿಲ್ಲ. ಅಷ್ಟೇ ಬೆಳಕಿಗೆ ಹೆಚ್ಚು ಎಣ್ಣೆ ಸುಡಬಾರದೆಂದಿದೆ.

ಹಾಗೆಂದು ಆ ಪರಂಪರೆಯನ್ನು ಆದರ್ಶೀಕರಿಸಬೇಕಾಗಿಲ್ಲ. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬ ವಿಧಿಯನ್ನು ಆಧುನಿಕ ಕಾಲದಲ್ಲಿ ವಿದ್ಯುತ್ತಿಗೂ ಅನ್ವಯಿಸಲಾಯಿತು. ಆ ದಿನ ವಿದ್ಯುತ್ ಕೇಂದ್ರದಲ್ಲಿ ಯೆಹೂದಿಗಳು ದುಡಿದು ತಯಾರಿಸಿದ ವಿದ್ಯುತ್ತು ಬೇಡವೆಂದು ಇಸ್ರೇಲಿನ ಕೆಲವು ಸಂಪ್ರದಾಯನಿಷ್ಠ ಬಡಾವಣೆಗಳು ಡೀಸೆಲ್ ಜನರೇಟರುಗಳನ್ನು ನೆಚ್ಚಿಕೊಂಡವು. ವಿಧಿಯ ಅಕ್ಷರ ಉಳಿಯಿತು, ಗಾಳಿ ಮಾತ್ರ ಕೆಟ್ಟಿತು. ನಿಯಮವಿದ್ದರೆ ಸಾಲದು, ಅದನ್ನು ಕಾಲಕಾಲಕ್ಕೆ ವ್ಯಾಖ್ಯಾನಿಸುವವರ ವಿವೇಕವೂ ಬೇಕು ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮಲ್ಲಿ ಇಂಥ ವ್ಯಾಖ್ಯಾನಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಆಯ್ದಕ್ಕಿ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸೆಂದು ಹೇಳಿದ ಪ್ರಸಂಗವನ್ನು ನಾವೆಲ್ಲ ಪಾಠ ಹೇಳುತ್ತೇವೆ. ಕಾಯಕನಿಷ್ಠೆಗೂ ಆಸೆಯ ಖಂಡನೆಗೂ ಅದನ್ನು ಉದಾಹರಿಸುತ್ತೇವೆ. ಆದರೆ ಆ ಅಕ್ಕಿ ನೆಲಕ್ಕೆ ಚೆಲ್ಲಿದ್ದು, ಅದನ್ನು ಆಯ್ದುಕೊಂಡರೆ ಯಾರಿಗೂ ನಷ್ಟವಿರಲಿಲ್ಲ ಎಂಬ ಅಂಶಕ್ಕೆ ನಾವು ಸಾಕಷ್ಟು ಒತ್ತು ನೀಡಿಲ್ಲ. ಪುಕ್ಕಟೆಯಾಗಿ ದೊರೆತದ್ದಕ್ಕೂ ಮಿತಿಯುಂಟು ಎಂಬುದು ಲಕ್ಕಮ್ಮನ ನಿಲುವು.

ಇಂದು ತುಮಕೂರು ಜಿಲ್ಲೆಗೆ ಬೇಕಾದ ಮಾತು ಇದೇ. ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನವು ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಬಿಸಿಲಿಗೆ ಬೆಲೆಯಿಲ್ಲ, ಕಲ್ಲಿದ್ದಲಿನ ಹೊಗೆಯೂ ಇಲ್ಲ. ಆದುದರಿಂದ ಎಷ್ಟು ಬಳಸಿದರೂ ದೋಷವಿಲ್ಲ ಎಂಬ ಭಾವನೆ ಸುಲಭವಾಗಿ ಮೂಡುತ್ತದೆ. ಆದರೆ ಬಿಸಿಲು ಬೀಳಲು ನೆಲ ಬೇಕು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಯ ಹಣ ಭೂಮಿಯ ಒಡೆಯನಿಗೆ ಸಲ್ಲುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಸಲ್ಲುವುದಿಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ 'ಭಾವಚಿಂತಾರತ್ನ'ದ ಸತ್ಯೇಂದ್ರಚೋಳನ ಕಥೆ ಇಲ್ಲಿ ನೆನಪಾಗುತ್ತದೆ. ಕುದುರೆಯ ತುಳಿತಕ್ಕೆ ಸಿಕ್ಕಿ ಬಡ ತಾಯಿಯೊಬ್ಬಳ ಮಗು ಸಾಯುತ್ತದೆ. ಅರಸನು ತನ್ನ ಮಗನನ್ನೇ ದಂಡನೆಗೆ ಗುರಿಮಾಡುತ್ತಾನೆ. ಉದ್ದೇಶವಿಲ್ಲದೆ ಆದ ಹಾನಿಗೂ ಹೊಣೆಗಾರರಿದ್ದಾರೆ ಎಂಬ ಈ ಶೈವ ನೀತಿಯನ್ನು ಕೇವಲ ಭಕ್ತಿಯ ಮಹಿಮೆಯೆಂದು ಓದಿ ಮುಗಿಸಬೇಕೆ?

ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ತೋಟಗಳಲ್ಲಿ ಪ್ರಶ್ನೆಯ ಮತ್ತೊಂದು ಮುಖವಿದೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಕೊಳವೆಬಾವಿಯ ನೀರಿಗೂ ಬೆಲೆಯಿಲ್ಲ. ಬೆಲೆಯಿಲ್ಲದ ಎರಡು ವಸ್ತುಗಳು ಕೂಡಿದಲ್ಲಿ ಅಂತರ್ಜಲ ಆಳಕ್ಕೆ ಇಳಿಯುತ್ತದೆ. ಇದಕ್ಕೆ ರೈತನನ್ನು ದೂರುವುದು ಅನ್ಯಾಯ. ಒಣಗುತ್ತಿರುವ ತೆಂಗಿನ ಮುಂದೆ ನಿಂತವನಿಗೆ ಮಿತಿಯ ಉಪದೇಶ ಕ್ರೂರವೆನಿಸುತ್ತದೆ. ಲಕ್ಕಮ್ಮ ಬೋಧಿಸಿದ್ದು ಪರರಿಗಲ್ಲ, ತನ್ನ ಮನೆಗೆ. ಸಾಕಷ್ಟು ಇದ್ದವರಿಂದಲೇ ಮಿತಿ ಆರಂಭವಾಗಬೇಕು. ಜಾತ್ರೆಯ ದೀಪಾಲಂಕಾರ, ಮಠ ಮಂದಿರಗಳ ಕಟ್ಟಡಗಳು, ನಮ್ಮ ವಿಶ್ವವಿದ್ಯಾಲಯಗಳ ಸಭಾಂಗಣಗಳು ಮೊದಲು ಲೆಕ್ಕ ಕೊಡಬೇಕು.

ಮಿತಿಯೆಂದರೆ ಒಲೆ ಆರಿಸುವುದಲ್ಲ. ಸಿದ್ಧಗಂಗೆಯಲ್ಲಿ ಅಟವೀಸ್ವಾಮಿಗಳು ಹಚ್ಚಿದ ದಾಸೋಹದ ಒಲೆ ಇಂದಿಗೂ ಆರಿಲ್ಲವೆಂಬ ನಂಬಿಕೆಯಿದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು ನಿತ್ಯವೂ ಉಂಡರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರದಲ್ಲೂ ದಾಸೋಹ ನಡೆಯುತ್ತದೆ. ಹಸಿವಿಗೆ ಉರಿದ ಸೌದೆ ವ್ಯರ್ಥವಲ್ಲ. ತಾಲ್ಮುಡ್‌ನ ದೀಪವೂ ದಾಸೋಹದ ಒಲೆಯೂ ಕೇಳುವುದು ಒಂದೇ ಪ್ರಶ್ನೆ: ಉರಿದದ್ದು ಯಾರಿಗಾಗಿ, ಅವಶ್ಯಕ್ಕಿಂತ ಹೆಚ್ಚು ಉರಿಯಿತೆ?

ಯೆಹೂದಿ ಪಂಡಿತರು ಒಂದು ಮರದ ಮಾತನ್ನು ದೀಪದವರೆಗೆ ತಂದರು. ನಾವು ಲಕ್ಕಮ್ಮನ ಅಕ್ಕಿಯನ್ನು ಪರೀಕ್ಷೆಯ ಪ್ರಶ್ನೆಯಾಗಿ ಉಳಿಸಿಕೊಂಡಿದ್ದೇವೆ. ವಚನಗಳ ವ್ಯಾಖ್ಯಾನಕಾರರಾದ ಕನ್ನಡ ವಿಭಾಗಗಳಿಗೆ ಇಲ್ಲಿ ಸ್ಪಷ್ಟ ಕೆಲಸವಿದೆ. ಸಿದ್ಧಗಂಗೆ, ಎಡೆಯೂರುಗಳ ಅಡುಗೆಮನೆಗಳಲ್ಲಿ ಹಿಂದೆ ಸೌದೆ, ಎಣ್ಣೆಗಳನ್ನು ಹೇಗೆ ಅಳೆಯುತ್ತಿದ್ದರು, ಜಾತ್ರೆಗಳಲ್ಲಿ ದೀಪದ ಎಣ್ಣೆಗೆ ಯಾವ ಕಟ್ಟುಪಾಡಿತ್ತು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ದಾಖಲಿಸಬೇಕು. ಆ ಸಾಮಗ್ರಿ ಕೈಗೆ ಬಂದ ಮೇಲೆ ನಮ್ಮಲ್ಲಿ ಪರಿಸರ ಪ್ರಜ್ಞೆ ಇತ್ತೆಂಬ ಮಾತಿಗೆ ಆಧಾರ ದೊರೆಯುತ್ತದೆ.