ಪುಕ್ಕಟೆ ಪೆಟ್ಟಿಗೆಯ ಮೇವು
ಗುಜರಿಯಿಂದ ಹಳೇ ಪೆಂಟಿಯಂ 4 ಪೆಟ್ಟಿಗೆಗಳನ್ನು ತಂದು, ಹಾರ್ಡ್‌ಡಿಸ್ಕ್ ಕಿತ್ತೆಸೆದು ಸರ್ವರ್‌ಗೆ ಜೋಡಿಸಿದರೆ ಲ್ಯಾಬ್ ಸಿದ್ಧ ಎನ್ನುವವರು ಈಗಲೂ ಸಿಗುತ್ತಾರೆ. 1999ರಲ್ಲಿ ಎಲ್‌ಟಿಎಸ್‌ಪಿ ಎಂಬ ಲಿನಕ್ಸ್ ಯೋಜನೆ ಶುರುವಾದ ಕಾಲಕ್ಕೆ ಹಳೇ ಪೆಟ್ಟಿಗೆ ಸಾಕೆಂಬ ಮಾತು ಸರಿಯೇ: ದುಡಿಮೆಯೆಲ್ಲ ಸರ್ವರ್‌ನದು, ಎದುರಿನ ಪೆಟ್ಟಿಗೆ ಬರೀ ಪರದೆ, ಕೀಲಿಮಣೆ. ಆದರೆ ಪುಕ್ಕಟೆ ಬಂದ ಎಮ್ಮೆಗೂ ಮೇವು ಹಾಕಬೇಕಲ್ಲ! ಕೆಲವು ಪೆಂಟಿಯಂ 4 ಚಿಪ್‌ಗಳು ಒಂದೊಂದೇ 100 ವ್ಯಾಟ್ ದಾಟುತ್ತವೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಇಡೀ ಬೋರ್ಡಿಗೆ ಸಾಮಾನ್ಯವಾಗಿ 10 ವ್ಯಾಟ್ ಸಾಕು. 20 ಕುರ್ಚಿಯ ಲ್ಯಾಬಿನಲ್ಲಿ ಈ ಅಂತರ ಮೊದಲು ಕುಕ್ಕುವುದು ಯುಪಿಎಸ್ ಬ್ಯಾಟರಿ ಕೊಳ್ಳುವಾಗ. ಹಾಗಂತ ಪೈ ಹಿಂದೆ ಬೀಳಿ ಎನ್ನಲಾರೆ. ಕೇಸು, ಅಡಾಪ್ಟರ್ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಕಚೇರಿಗಳು ಮಾರಿಬಿಟ್ಟ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿಯ ಬೆಲೆ ವಿಚಾರಿಸಿ. ನೆಟ್‌ವರ್ಕ್‌ನಿಂದ ಬೂಟ್ ಆಗುವ ಪಿಎಕ್ಸ್‌ಇ ಸೌಲಭ್ಯ ಅವುಗಳ ಬಯೋಸ್‌ನಲ್ಲೇ ಇರುತ್ತದೆ. 2019ರಲ್ಲಿ ಎಲ್‌ಟಿಎಸ್‌ಪಿಯನ್ನು ಹೊಸದಾಗಿ ಬರೆದ ಮೇಲಂತೂ ಬ್ರೌಸರ್, ಆಫೀಸ್ ಎಲ್ಲ ಓಡುವುದು ಪೆಟ್ಟಿಗೆಯ ಸ್ವಂತ ರ‍್ಯಾಮ್‌ನಲ್ಲೇ. ಅಲ್ಲಿ ಜಿಪುಣತನ ನಡೆಯದು. ಡಿಸ್ಕಿನಲ್ಲಿ ಉಳಿಸಿದ ಕಾಸಿನಲ್ಲಿ ಒಂದು ಒಳ್ಳೆಯ ಗಿಗಾಬಿಟ್ ಸ್ವಿಚ್ ತನ್ನಿ. ಬೆಳಿಗ್ಗೆ ಎಲ್ಲ ಯಂತ್ರಗಳೂ ಒಟ್ಟಿಗೆ ಕಣ್ಣು ತೆರೆಯುವಾಗ ಸರ್ವರ್‌ನ ಒಂದೇ ಕೇಬಲ್ಲಿನಲ್ಲಿ ಸಂತೆಯ ನೂಕುನುಗ್ಗಲು.